ಜಲ್ಲಿಯಾದ ಸಮುದ್ರ

ಮುಂಜಾನೆ ಹಾಲು ತರಲು ಗೇಟು ದಾಟಿದ್ದೇ ತಡ, ರಸ್ತೆಗೆಂದು ಸುರಿದಿದ್ದ ಜಲ್ಲಿರಾಶಿಯನ್ನು ಎಡವಿ, ಹೆಬ್ಬೆರಳಿನ ಉಗುರು ಕಿತ್ತುಕೊಂಡು, ಅಷ್ಟೋತ್ತರ ಶತನಾಮಾವಳಿ ಶುರುಮಾಡಿದೆ. "ಕಲ್ಲಿನ ಮ್ಯಾಲೆ ಯಾಕ್ರೀ ಸಿಟ್ಟು? ನೋಡ್ಕಂಡು ನಡಿಯಾಕೆ ಏನಾಗಿತ್ತು?" ಎಂದು ಒಳಗಿನಿಂದಲೇ ತೀರ್ಪು ಕೊಟ್ಟಳು ಧರ್ಮಪತ್ನಿ. ಸ್ವಾಮಿ, ಉಗುರಿನ ನೋವು ಅತ್ತ ಇರಲಿ. ಕಲ್ಲನ್ನು ಕೈಗೆತ್ತಿಕೊಂಡರೆ ಹಸಿರುಗಪ್ಪು ಮೈಯಲ್ಲಿ ಹಿತ್ತಾಳೆ ಬಣ್ಣದ ಹರಳುಗಳು ಮಿನುಗುತ್ತಿದ್ದವು. ಎಲ್ಲಿಯದೆಂದು, ಇನ್ನೊಂದು ಲೋಡು ತಂದಿದ್ದ ಲಾರಿಯವನನ್ನು ಕೇಳಿದೆ. ನಾನು ಕೊನೆಗೆ ಮೇಷ್ಟ್ರಾಗಿದ್ದ ಶಾಲೆಯ ಹಿಂದಿನ ಗುಡ್ಡದ್ದಂತೆ.

ಆ ಗುಡ್ಡವೆಂದರೆ ಏನೆಂದುಕೊಂಡಿರಿ? ಹನಿ ನೀರಿಗೆ ಬಾಯಿ ಬಿಡುವ ನಮ್ಮ ಜಗಳೂರು ಸೀಮೆ ಒಂದು ಕಾಲಕ್ಕೆ ಸಮುದ್ರತಳವಾಗಿತ್ತೆಂದರೆ ಕುರಿಗಳೂ ನಕ್ಕಾವು. ಅಲ್ಲಿ ಜ್ವಾಲಾಮುಖಿ ಉಗುಳಿದ ಶಿಲಾರಸ ನೀರು ತಾಗಿದೊಡನೆ ಹೆಪ್ಪುಗಟ್ಟಿ, ದಿಂಬು ಪೇರಿಸಿಟ್ಟಂತೆ ಗುಡ್ಡವಾಯಿತು. ಬಿರುಕಿಗಿಳಿದ ಕಡಲನೀರು ಭೂಮಿಯೊಡಲಿನ ಬಿಸಿಗೆ ಕಾದು, ಕಲ್ಲಿನೊಳಗಿನ ಕಬ್ಬಿಣ, ತಾಮ್ರ, ಗಂಧಕಗಳನ್ನು ಕರಗಿಸಿಕೊಂಡು ಮೇಲೆದ್ದು, ತಣ್ಣೀರು ಸೋಕಿದ್ದೇ ಅವನ್ನು ಈ ಹಿತ್ತಾಳೆ ಬಣ್ಣದ ಹರಳುಗಳಾಗಿ ಅಲ್ಲಲ್ಲೇ ಬಿಟ್ಟಿತು. ನಮ್ಮ ಬೋರಿನ ನೀರು ಹಂಡೆಯ ತಳಕ್ಕೆ ಸುಣ್ಣ ಕಟ್ಟುವ ಹಾಗೆ. ಇದು ಈಗಲೂ ಸಾಗರಗರ್ಭದಲ್ಲಿ ನಡೆಯುತ್ತಿದೆ, ನೋಡಲು ವಿಜ್ಞಾನಿಗಳು ಜೀವ ಪಣಕ್ಕಿಟ್ಟು ಮುಳುಗುತ್ತಾರೆ. ನಮ್ಮವರೋ, ತಾನಾಗಿ ಕಾಲಬುಡಕ್ಕೆ ಬಂದ ಸಮುದ್ರತಳಕ್ಕೆ ಮದ್ದಿಟ್ಟು ಮುಕ್ಕಾಲಿಂಚು ಜಲ್ಲಿ ಮಾಡುತ್ತಾರೆ! ಇವರ ಬುದ್ಧಿಗಿಷ್ಟು ಬೆಂಕಿ ಹಾಕ.

ಬಸ್ಸು ಹಿಡಿದು ಹೋಗಿ ನೋಡಿದರೆ ಗುಡ್ಡದ ಅರ್ಧ ಮೈ ಆಗಲೇ ಮಾಯವಾಗಿತ್ತು. ಮಿಕ್ಕರ್ಧವನ್ನಾದರೂ ಉಳಿಸಬೇಕೆಂದು ಆ ಕಲ್ಲು ಹಿಡಿದು ಕುಂಟುತ್ತಲೇ ಪಂಚಾಯಿತಿಗೆ ನುಗ್ಗಿದೆ. ಅಧ್ಯಕ್ಷೆ ರತ್ನಮ್ಮ ನನ್ನ ಹಳೆಯ ವಿದ್ಯಾರ್ಥಿನಿ. ಕುರ್ಚಿ ಹಾಕಿಸಿ ಚಹಾ ತರಿಸಿದಳು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಶಾಲೆಗಳ ಮಕ್ಕಳ ಮೇಲೆ ಮಸೆದು ತಂದ ನಾಲಗೆಯನ್ನು ಆಕೆಯ ಮೇಲೆ ಝಳಪಿಸಿದೆ: ಅಜ್ಞಾನಿಗಳು, ಅವಿವೇಕಿಗಳು, ಇದ್ದದ್ದನ್ನು ಕಾಣದ ಕುರುಡರು! ಕಾಲು ಗಂಟೆ ನಿಲ್ಲದೆ ಬೈದೆ.

"ಮುಗೀತಾ ಸಾರ್? ಎಂಟನೇ ಕ್ಲಾಸಿನಾಗೆ ಇಂಥದೇ ಕಲ್ಲು ತಂದು ನಿಮ್ಮ ಟೇಬಲ್ ಮ್ಯಾಲೆ ಇಟ್ಟಿದ್ದೆ. 'ಯಾಕೆ ಸಾರ್ ಹಿಂಗೆ ಹೊಳೀತೈತೆ?' ಅಂತ ಕೇಳಿದೆ. ನೀವು ಗೋಡೆಗೆ ಜಪಾನಿನ ಜ್ವಾಲಾಮುಖಿ ಪಟ ನೇತುಹಾಕ್ತಾ ಇದ್ರಿ. 'ಪರೀಕ್ಷೆಗೆ ಬರಲ್ಲ, ಆಚೆ ಎಸ್ದು ಬಾ' ಅಂದ್ರಿ. ಎಸ್ದು ಬಂದೆ."

ಚಹಾದ ಲೋಟ ಕೆಳಗಿಟ್ಟೆ. ಅದೇನು ಕಲ್ಲೆಂದು ನನಗೆ ಆಗಲೂ ಗೊತ್ತಿತ್ತು. ಬೆಳಗಿನಿಂದ ಊರ ಮೇಲೆ ಕಾರಿದ ಸಿಟ್ಟೆಲ್ಲ ನನ್ನ ಮೇಲೇ ತಿರುಗಿ, ಆ ಪಟವನ್ನೂ ನನ್ನನ್ನೂ ಒಟ್ಟಿಗೆ ಹರಿದುಹಾಕುವಷ್ಟು ರೋಷ ಬಂತು.

"ಇವತ್ತೊಂದಿನ ಮಿಷನ್ ನಿಲ್ಸಾಕೆ ಹೇಳ್ತೀನಿ. ಮೂರು ಗಂಟೆಗೆ ಸಭೆ ಐತೆ, ಮೆಂಬರೆಲ್ಲ ಬರ್ತಾರೆ. ಅವರು ಜಲ್ಲಿ ಒಡೆಯೋದು ಬ್ಯಾಡ ಅಂದ್ರೆ ಗುಡ್ಡ ಉಳೀತೈತೆ. ಇವತ್ತಾದ್ರೂ ಹೇಳ್ರಿ ಸಾರ್."

ಮೂರಕ್ಕೆ ನಾನು ಎದ್ದು ನಿಂತಾಗ ರತ್ನಮ್ಮ ಅಧ್ಯಕ್ಷರ ಕುರ್ಚಿ ಬಿಟ್ಟು ಬಂದು ಮುಂದಿನ ಬೆಂಚಿನಲ್ಲಿ ಕೂತಳು. ಮೂವತ್ತು ವರ್ಷ ಪಾಠ ಮಾಡಿದವನು, ಕೈಲಿದ್ದ ಕಲ್ಲನ್ನು ಮೇಜಿನ ಮೇಲಿಟ್ಟೆ. "ತಪ್ಪು ನಂದು" ಎಂದು ಶುರುಮಾಡಿದೆ.