ಕಾಲುಚೀಲದೊಳಗಿನ ಶೇಂಗಾ ಉಂಡಿ

ಶೇಂಗಾ ಉಂಡಿಗೆ ಹೆದರಿದವರನ್ನು ನೀವು ನೋಡಿದ್ದೀರಾ? ನೋಡಿಲ್ಲದಿದ್ದರೆ ಕುಷಾಯಿಗೂಡದ ನಮ್ಮ ಮನೆಗೆ ಬನ್ನಿ. ನಿನ್ನೆಯಿಂದ ನನಗೆ ಫೋನ್ ರಿಂಗ್ ಆದರೂ ಎದೆ ಧಸಕ್ಕೆನ್ನುತ್ತಿದೆ.

ಆದದ್ದು ಇಷ್ಟು. ಪಕ್ಕದ ಮನೆಯ ಗ್ರೇಸಮ್ಮ ಪ್ರತಿ ವರ್ಷ ಕ್ರಿಸ್‌ಮಸ್‌ಗೆ ಮುಂಚೆ ತಮ್ಮ ಚರ್ಚಿನ ಪರವಾಗಿ ಹೊರದೇಶದ ಮಕ್ಕಳಿಗೆ ಉಡುಗೊರೆ ಡಬ್ಬಿ ಕಳಿಸುತ್ತಾರೆ. ಒಳಗೆ ಗೊಂಬೆ, ಕ್ರಯಾನ್ಸ್, ಸೋಪು, ಒಂದು ಜೊತೆ ಕಾಲುಚೀಲ. ಈ ಸಲ ಬೇಗಂ ಬಜಾರಿನಿಂದ ಮೂಟೆಗಟ್ಟಲೆ ಸಾಮಾನು ನಮ್ಮ ಮನೆಗೇ ಬಂತು. ತುಂಬುವ ಕೆಲಸ ನನಗೆ ಮತ್ತು ವಿಜಯಪುರದ ನನ್ನ ಅತ್ತೆಗೆ. ಗ್ರೇಸಮ್ಮನದು ಒಂದೇ ಷರತ್ತು: ತಿನ್ನುವ ಪದಾರ್ಥ ಇಡುವ ಹಾಗಿಲ್ಲ. ಅವರು ಹೇಳಿದ್ದು ತೆಲುಗಿನಲ್ಲಿ. ಅತ್ತೆಗೆ ತೆಲುಗು ಚೆನ್ನಾಗಿಯೇ ಬರುತ್ತದೆ. (ಬೇಕಾದಾಗ ಮಾತ್ರ.)

ಡಬ್ಬಿಗಳು ಚರ್ಚಿನ ವ್ಯಾನ್ ಹತ್ತಿ ಹೋದ ಮೇಲೆ ಚಹಾ ಕುಡಿಯುತ್ತ ಅತ್ತೆ ಆರಾಮವಾಗಿ ಹೇಳಿದರು, "ಬರೇ ಆಟಿಗಿ ಸಾಮಾನು ಕೊಟ್ರ ಕೂಸಿನ ಹೊಟ್ಟಿ ತುಂಬತೈತೇನವಾ? ಕಾಲುಚೀಲದಾಗ ಒಂದೊಂದು ಶೇಂಗಾ ಉಂಡಿ ಇಟ್ಟೀನಿ."

"ಎಲ್ಲಾ ಡಬ್ಬ್ಯಾಗೂ?"

"ಉಂಡಿ ಇರೂತನಾ ಇಟ್ಟೆ."

"ಎಷ್ಟು ಉಂಡಿ ಇದ್ದೂರಿ?"

"ಮಕ್ಕಳಿಗೆ ಕೊಡೂದನ್ನ ಯಾರರ ಎಣಿಸ್ತಾರೇನು? ದೃಷ್ಟಿ ಆಗತೈತಿ."

ನಮ್ಮ ಕಡೆ ಶೇಂಗಾ ಇಲ್ಲದೆ ಪಲ್ಯ ಇಲ್ಲ, ಹಬ್ಬ ಇಲ್ಲ. ತಿನ್ನಲು ಏನೂ ಇಡದೆ ಮಗುವಿಗೆ ಡಬ್ಬಿ ಕೊಡುವುದು ಅಪಚಾರ. ಒಪ್ಪಿದೆ. ಆದರೆ ಹೋದ ವರ್ಷ ಬರ್ತ್‌ಡೇ ಪಾರ್ಟಿಯೊಂದರಲ್ಲಿ ನನ್ನ ಆಫೀಸಿನ ಗೆಳತಿಯ ಮಗಳು ಒಂದು ತುಣುಕು ಶೇಂಗಾ ಚಿಕ್ಕಿ ತಿಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತುಟಿ ಊದಿತು. ಗಂಟಲು ಕಟ್ಟಿತು. ಉಸಿರು ಎಳೆದುಕೊಳ್ಳಲು ಒದ್ದಾಡುತ್ತಿದ್ದ ಆ ಸದ್ದು ಇನ್ನೂ ಕಿವಿಯಲ್ಲಿದೆ. ಅಲರ್ಜಿ. ಅವಳ ಅಮ್ಮ ಪರ್ಸಿನಲ್ಲೇ ಇಟ್ಟುಕೊಂಡಿದ್ದ ಇಂಜೆಕ್ಷನ್ ಚುಚ್ಚಿದ್ದಕ್ಕೆ ಹುಡುಗಿ ಉಳಿದಳು.

ಅತ್ತೆಯನ್ನು ಆಟೋ ಹತ್ತಿಸಿಕೊಂಡು ಚರ್ಚಿಗೆ ಓಡಿದೆ. ದಾರಿಯುದ್ದಕ್ಕೂ ಅವರದು ಒಂದೇ ಮಾತು: "ಶೇಂಗಾ ತಿಂದು ಯಾರರ ಸತ್ತಾರೇನು?" ಆ ಹುಡುಗಿಯ ಕಥೆ ಹೇಳಿದೆ. ಅವರೇ ಮುಂದೆ ಬಾಗಿ, ಬೇಗ ಓಡಿಸು ಅಂತ ಆಟೋದವನಿಗೆ ತೆಲುಗಿನಲ್ಲಿ ಹೇಳಿದರು.

ಹಾಲ್ ತುಂಬ ಡಬ್ಬಿಗಳು. ಬೇರೆ ಮನೆಗಳಿಂದ ಬಂದವೂ ಸೇರಿ ಎಲ್ಲಕ್ಕೂ ಒಂದೇ ಕೆಂಪು ಕಾಗದ. ನಮ್ಮವು ಯಾವವು? ಅಲ್ಲೇ ಇದ್ದ ಗ್ರೇಸಮ್ಮ ವಿಷಯ ಕೇಳಿ ಬೈಯಲಿಲ್ಲ. ಕತ್ತರಿ ತಂದರು. ಕಾಗದ ಹರಿದೆವು, ಕಾಲುಚೀಲ ಹಿಸುಕಿ ನೋಡಿದೆವು. ಉಂಡಿ ಸಿಕ್ಕರೆ ಜೀವ ಬಂದಂತಾಗುತ್ತಿತ್ತು. (ಸಿಗದ ಡಬ್ಬಿ ನೋಡಿ ಸಮಾಧಾನ ಪಡಬೇಕೋ, ಹೆದರಬೇಕೋ? ನೀವೇ ಹೇಳಿ.)

ಕೊನೆಗೆ ಗ್ರೇಸಮ್ಮ ಮೆಲ್ಲಗೆ ಹೇಳಿದರು, ಒಂದು ಲೋಡ್ ಆಗಲೇ ಏರ್‌ಪೋರ್ಟಿಗೆ ಹೋಗಿಬಿಟ್ಟಿದೆ. ಫೋನ್ ಮಾಡಿದರು. "ಚೂಸ್ತಾಮಂಟುನ್ನಾರು," ಎಂದರು. ನೋಡುತ್ತೇವೆ ಅಂತಾರಂತೆ. ಈ 'ನೋಡುತ್ತೇವೆ' ಅಂದರೆ ಏನು ಅಂತ ನಮಗೆ ಗೊತ್ತಿಲ್ಲವೇ?

ಅತ್ತೆಯನ್ನು ಬೈಯಲೂ ಬಾಯಿ ಬರುತ್ತಿಲ್ಲ. 'ಏನೂ ಆಗೂದಿಲ್ಲ, ತಿನ್ನು' ಅಂತ ಊರ ಮಕ್ಕಳ ಬಾಯಿಗೆ ತುತ್ತು ತುರುಕದವರು ನಮ್ಮಲ್ಲಿ ಯಾರಿದ್ದಾರೆ? ಬೇಡ ಅನ್ನುವ ತಾಯಿಯನ್ನು ನಾವೇ ಗದರಿಸುತ್ತೇವೆ. ಪ್ರೀತಿಗೂ ಪಥ್ಯ ಇರಬಹುದು ಅಂತ ನಮಗೆ ಹೊಳೆಯುವುದೇ ಇಲ್ಲ. ಎಲ್ಲೋ ಒಂದು ಮಗು ಹೊಸ ಕಾಲುಚೀಲದೊಳಗೆ ಕೈ ಹಾಕುತ್ತದೆ, ಸಿಹಿ ಸಿಕ್ಕಿತೆಂದು ನಗುತ್ತದೆ. ಅದರ ಮುಂದೆ ಯೋಚಿಸಲು ನನಗೆ ಭಯ.

ಇವತ್ತು ಪೂಜೆ ಮುಗಿಸಿ ಬಂದ ಅತ್ತೆ ನನ್ನ ಪಕ್ಕದಲ್ಲೇ ಕೂತರು. "ಆ ಕೂಸಿನ ಸನೇಕ ಅದರವ್ವ ಇರತಾಳಲ್ಲಾ? ಏನರ ಆದ್ರ ನೋಡ್ಕೋತಾಳಲ್ಲಾ?"

ಆ ಲೋಡ್ ಹೋಗುತ್ತಿರುವುದು ಅನಾಥಾಶ್ರಮಕ್ಕೆ ಅಂತ ಅವರಿಗೆ ಹೇಗೆ ಹೇಳಲಿ?