ಅಮ್ಮನ ಕಂಪ್ಯೂಟರಿಗೆ ನಾನೇ ಕರೆದ ಅಪರಿಚಿತ

ಕಳೆದ ಭಾನುವಾರ ಬೆಳಿಗ್ಗೆ ಅಮ್ಮನ ಕಂಪ್ಯೂಟರಿನಲ್ಲಿ ಬ್ರೌಸರ್ ತೆರೆಯಲೇ ಇಲ್ಲ.

ಕ್ಲಿಕ್ ಮಾಡಿದರೆ ನೀಲಿ ಚಕ್ರ ಸ್ವಲ್ಪ ಹೊತ್ತು ತಿರುಗುತ್ತದೆ, ನಿಲ್ಲುತ್ತದೆ... ಅಷ್ಟೇ. ರೀಸ್ಟಾರ್ಟ್ ಮಾಡಿದೆ, ಆಂಟಿವೈರಸ್ ಆಫ್ ಮಾಡಿ ನೋಡಿದೆ. ಊಹೂಂ.

ಚಾಮರಾಜಪೇಟೆಯ ನಮ್ಮ ಮನೆಯ ಹಾಲ್‌ನಲ್ಲಿ ಕೂತು ಅಮ್ಮ ಹದಿನೈದು ವರ್ಷದಿಂದ ಮದುವೆಗೆ ಜಾತಕ ಹೊಂದಿಸಿಕೊಡುತ್ತಿದ್ದಾಳೆ. ಆ ಹಳೆಯ ಕಂಪ್ಯೂಟರಿನಲ್ಲಿ ಅಶ್ವಿನಿಯಿಂದ ರೇವತಿಯವರೆಗೆ ನಕ್ಷತ್ರಕ್ಕೊಂದು ಫೋಲ್ಡರ್. ಒಳಗೆ ಹುಡುಗಿಯರ ಫೋಟೋ, ಜಾತಕ, ವಿಳಾಸ, ಫೋನ್ ನಂಬರ್.

ಅಮ್ಮನದು ಒಂದೇ ನಿಯಮ. ಹುಡುಗಿಯ ಫೋಟೋವನ್ನು ಯಾರಿಗೂ ಕಳಿಸುವುದಿಲ್ಲ. ಗಂಡಿನ ಕಡೆಯವರು ಮನೆಗೇ ಬಂದು, ಅಮ್ಮನ ಎದುರಿಗೇ ಸ್ಕ್ರೀನ್‌ನಲ್ಲಿ ನೋಡಬೇಕು. ಯಾರಾದರೂ ಮೊಬೈಲ್ ಎತ್ತಿದರೆ ಅಮ್ಮ ಮಾನಿಟರ್ ಆಫ್ ಮಾಡಿಬಿಡುತ್ತಾಳೆ.

ಅವತ್ತು ಸಂಜೆ ನಾಲ್ಕಕ್ಕೆ ಅಕ್ಕಿಪೇಟೆಯಿಂದ ಒಂದು ಕುಟುಂಬ ಬರುವುದಿತ್ತು. ಗುಣ, ಕೂಟ ನೋಡುವ ವೆಬ್‌ಸೈಟ್ ತೆರೆಯದಿದ್ದರೆ ಅಮ್ಮನಿಗೆ ಕೈ ಕಟ್ಟಿದ ಹಾಗೆ.

"ಹಿಂದಿನ್ ರೋಡಿನ ಮಂಜಣ್ಣನ್ನ ಕರಿಯೇ," ಎಂದಳು ಅಮ್ಮ.

"ಅವ್ರು ಪ್ರಿಂಟರ್‌ಗೆ ಇಂಕ್ ತುಂಬೋರು ಕಣಮ್ಮ. ನಾನ್ ನೋಡ್ತೀನಿ ಬಿಡು."

"ನೋಡು ನೋಡು. ಬೆಳಿಗ್ಗೆಯಿಂದ ಅದೂ ನಿನ್ನೇ ನೋಡ್ತಿದೆ."

ನನ್ನ ಫೋನಿನಲ್ಲಿ ಹುಡುಕಿದೆ. ಮೊದಲಿಗೇ ಒಂದು ಹೆಲ್ಪ್‌ಲೈನ್ ನಂಬರ್ ಸಿಕ್ಕಿತು. ಯಾರದು ಎಂದು ನೋಡದೆ ಕಾಲ್ ಮಾಡಿದೆ.

ಎತ್ತಿದವನ ಇಂಗ್ಲಿಷ್ ಎಷ್ಟು ಚೆನ್ನಾಗಿತ್ತೆಂದರೆ... ನನ್ನ ಕಾನ್ವೆಂಟ್ ಸ್ಕೂಲಿನ ಮೇಷ್ಟರು ಮಾತಾಡಿದ ಹಾಗಿತ್ತು. ತಾಳ್ಮೆ, ಮರ್ಯಾದೆ, ಪ್ರತಿ ಮಾತಿಗೂ ಮ್ಯಾಮ್. ಕಂಪ್ಯೂಟರಿನ ಜೊತೆಗೇ ಬಂದಿದ್ದ ಇನ್ನೊಂದು ಹಳೆಯ ಬ್ರೌಸರನ್ನು ತೆರೆಯಲು ಹೇಳಿದ. ಅದು ತೆವಳುತ್ತಾ ತೆರೆದುಕೊಂಡಿತು. ಒಂದು ಸಣ್ಣ ಸಾಫ್ಟ್‌ವೇರ್ ಇಳಿಸಿಕೊಳ್ಳಿ, ಅದರಲ್ಲಿ ಬರುವ ಒಂಬತ್ತು ಅಂಕಿಗಳನ್ನು ಓದಿ ಹೇಳಿ, ನಾನೇ ಇಲ್ಲಿಂದ ಸರಿಮಾಡುತ್ತೇನೆ ಎಂದ.

ಓದಿ ಹೇಳಿದೆ. ಒಂದೊಂದೇ ಅಂಕಿ, ಸ್ಪಷ್ಟವಾಗಿ.

ಮೌಸ್ ತಾನಾಗಿ ಓಡತೊಡಗಿತು. ನಾನು ಕೈಕಟ್ಟಿ ಕೂತೆ. ನಿಜ ಹೇಳಬೇಕೆಂದರೆ, ಆಗ ನನಗೆ ನಿರಾಳವೇ ಆಗಿತ್ತು.

ಮೌಸ್ ಬ್ರೌಸರಿನ ಹತ್ತಿರ ಹೋಗಲಿಲ್ಲ. ಫೋಲ್ಡರುಗಳ ಹತ್ತಿರ ಹೋಯಿತು.

ರೋಹಿಣಿ ತೆರೆಯಿತು. ಸ್ಕ್ರೀನ್ ತುಂಬ ಹುಡುಗಿಯರ ಮುಖ... ಮೌಸ್ ನಿಧಾನವಾಗಿ ಕೆಳಗಿಳಿಯುತ್ತಿದೆ. ಆಮೇಲೆ ಮಘ ತೆರೆಯಿತು. ಅದೇ ಮರ್ಯಾದೆಯ ದನಿಯಲ್ಲಿ ಅವನು, ಇವರೆಲ್ಲ ನಿಮ್ಮ ಫ್ಯಾಮಿಲಿಯವರೇ ಮ್ಯಾಮ್, ಎಂದು ಕೇಳಿದ.

ನಾನು ಉತ್ತರ ಕೊಟ್ಟೆ! ಅಲ್ಲ, ನಮ್ಮ ತಾಯಿ ಮದುವೆ ಸಂಬಂಧ ಹೊಂದಿಸುತ್ತಾರೆ ಎಂದು ವಿವರಿಸಿದೆ.

ಅಮ್ಮ ಅಡುಗೆಮನೆಯಿಂದ ಬಂದವಳು ಬಾಗಿಲಲ್ಲೇ ನಿಂತಳು. "ಯಾರೇ ಅದು, ಫೋಟೋ ನೋಡ್ತಿರೋರು?"

"ಸಪೋರ್ಟ್‌ನವ್ರಮ್ಮ. ಸರಿ ಮಾಡ್ತಿದಾರೆ, ಸುಮ್ನಿರು."

"ಸರಿ ಮಾಡೋಕೆ ಅವ್ನಿಗೆ ಹೆಣ್ಮಕ್ಕಳ ಫೋಟೋ ಯಾಕೇ ಬೇಕು?"

ಅಮ್ಮ ನೇರ ಗೋಡೆಯ ಹತ್ತಿರ ಹೋಗಿ ಪ್ಲಗ್ ಕಿತ್ತಳು. ಸ್ಕ್ರೀನ್ ಕಪ್ಪಾಯಿತು. ಫೋನಿನಲ್ಲಿ ಅವನಿನ್ನೂ ಮ್ಯಾಮ್, ಮ್ಯಾಮ್ ಎನ್ನುತ್ತಿದ್ದ.

ನಾನು ಕಾಲ್ ಕಟ್ ಮಾಡಿದೆ.

ಕೊನೆಗೆ ಮಂಜಣ್ಣನೇ ಬಂದರು. ಇಂಟರ್ನೆಟ್ ತಂತಿ ತೆಗೆದರು, ಆ ಸಾಫ್ಟ್‌ವೇರ್ ಅಳಿಸಿದರು. ಬ್ರೌಸರಿನ ಒಂದು ಫೈಲ್ ಕೆಟ್ಟಿತ್ತಂತೆ. ಅದನ್ನು ಪಕ್ಕಕ್ಕಿಟ್ಟು ಹೊಸದು ಮಾಡಿದ್ದೇ ತಡ, ತೆರೆದುಕೊಂಡಿತು. ಹತ್ತು ನಿಮಿಷದ ಕೆಲಸ.

ಫೋಟೋಗಳು ಹೋಗಿವೆಯೇ ಎಂದು ಕೇಳಿದೆ. "ಹೋಗಿದ್ಯೋ ಇಲ್ವೋ ಗ್ಯಾರಂಟಿ ಹೇಳಕ್ಕಾಗಲ್ಲ ಮೇಡಂ. ಹೋಗಿದೆ ಅಂತ್ಲೇ ಇಟ್ಕೊಳ್ಳಿ," ಎಂದರು.

ಸೈಬರ್ ಪೊಲೀಸರಿಗೆ ದೂರು ಕೊಟ್ಟೆವು. ಆಮೇಲೆ ನಾನು ಅಮ್ಮನಿಗೆ ಹೇಳಿದ ಮಾತನ್ನೂ ಇಲ್ಲಿ ಬರೆಯಬೇಕು: ಯಾರಿಗೂ ಹೇಳುವುದು ಬೇಡ, ಸುಮ್ಮನೆ ಎಲ್ಲರನ್ನೂ ಯಾಕೆ ಹೆದರಿಸಬೇಕು ಎಂದೆ. ಅವರನ್ನು ಉಳಿಸಲು ಹಾಗಂದೆನೇ, ನನ್ನನ್ನೇ ಉಳಿಸಿಕೊಳ್ಳಲೇ?

ಅಮ್ಮ ನನ್ನ ಮುಖ ನೋಡಿದಳು. ನಾಲ್ಕು ಗಂಟೆಗೆ ಬರಬೇಕಾದವರಿಗೆ ಇವತ್ತು ಬೇಡ ಎಂದಳು. ಕನ್ನಡಕ ಹಾಕಿಕೊಂಡು ಫೋನ್ ನಂಬರ್ ಬರೆದಿಟ್ಟಿದ್ದ ತನ್ನ ನೋಟ್‌ಬುಕ್ ತೆಗೆದು, ಅಶ್ವಿನಿಯಿಂದಲೇ ಒಂದೊಂದು ಮನೆಗೆ ಫೋನ್ ಮಾಡಲು ಶುರುಮಾಡಿದಳು.

ಪ್ರತಿ ಮನೆಗೂ ಒಂದೇ ಮಾತು. "ನನ್ನಿಂದ ತಪ್ಪಾಗಿದೆ ಕಣ್ರೀ. ನಿಮ್ಮ ಮಗಳ ಫೋಟೋ ಯಾರೋ ನೋಡಿರಬಹುದು. ಗೊತ್ತಿಲ್ದಿರೋ ನಂಬರಿಂದ ಕಾಲ್ ಬಂದ್ರೆ ಎತ್ತಬೇಡಿ, ತಕ್ಷಣ ನಂಗೆ ಹೇಳಿ."

ಕೆಲವರು ಪಾಪ ಬಿಡಿ ಎಂದರು. ಒಬ್ಬರು ಅತ್ತರು. ಮತ್ತೊಬ್ಬರು, ನಿಮ್ಮನ್ನು ನಂಬಿದ್ದಕ್ಕೆ ಇದಾ ಎಂದು ಕೂಗಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಅಮ್ಮ ಪೂರ್ತಿ ಕೇಳಿಸಿಕೊಂಡಳು. ಒಂದು ಸಲವೂ ನನ್ನ ಹೆಸರು ಹೇಳಲಿಲ್ಲ.

ಅದೇ ಮನುಷ್ಯ ಹರಕು ಮುರುಕು ಕನ್ನಡದಲ್ಲಿ ಮಾತಾಡಿದ್ದರೆ ನಾನು ನೂರು ಪ್ರಶ್ನೆ ಕೇಳುತ್ತಿದ್ದೆ. ತಪ್ಪಿಲ್ಲದ ಇಂಗ್ಲಿಷ್ ಕೇಳಿ ಮನೆಯ ಬಾಗಿಲನ್ನೇ ತೆರೆದುಕೊಟ್ಟೆ.

ಚಿತ್ತೆಯ ಹೊತ್ತಿಗೆ ಮಾತಾಡಿ ಮಾತಾಡಿ ಅಮ್ಮನ ದನಿ ಕೂತುಹೋಯಿತು. ನಾನು ಫೋನ್ ತೆಗೆದುಕೊಂಡೆ. ಆ ಕಡೆ ಹುಡುಗಿಯ ತಾಯಿ ಹಲೋ, ಹಲೋ ಎನ್ನುತ್ತಿದ್ದಾರೆ...

"ನಮಸ್ಕಾರ, ನಾನು ಅವರ ಮಗಳು. ತಪ್ಪು ಮಾಡಿದ್ದು ನಾನು," ಎಂದೆ.

ಇನ್ನೂ ಹತ್ತೊಂಬತ್ತು ಮನೆಗಳು ಬಾಕಿ ಇವೆ. ಆ ಫೋಲ್ಡರಿನಲ್ಲಿ ನಿಮ್ಮ ಮಗಳ ಫೋಟೋ ಇದ್ದಿದ್ದರೆ, ನೀವು ನನಗೆ ಏನು ಹೇಳುತ್ತಿದ್ದಿರಿ?