ಖತೀಜಾಬಿ ಕೇಳಿದ ಪುಸ್ತಕ

ಕಳೆದ ವರ್ಷ ಯುಗಾದಿ ಮುಗಿದ ವಾರಕ್ಕೆ ನಾನು ಜರ್ಮನಿಗೆ ಹೊರಟೆ. ಅಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದ ನನ್ನ ತಂಗಿ ಶಾಂತಾಳಿಗೆ ಮೊಣಕಾಲಿನ ಆಪರೇಶನ್ ಆಗಿತ್ತು. ಎರಡು ತಿಂಗಳು ಜೊತೆಗಿರಲು ಕರೆದಿದ್ದಳು. ನವಲಗುಂದದ ಹೈಸ್ಕೂಲಿನಲ್ಲಿ ಮೂವತ್ತಾರು ವರ್ಷ ಗಂಟೆ ನೋಡಿ ನಡೆದ ಮಾಸ್ತರ ನಾನು. ಹದಿನೈದು ದಿನ ಮೊದಲೇ ಚೀಲ ಕಟ್ಟಿಟ್ಟಿದ್ದೆ.

ಹೊರಡುವ ಹಿಂದಿನ ದಿನ ನಮ್ಮ ಓಣಿಯ ಖತೀಜಾಬಿ ಬಂದಳು. ಜಮಖಾನ ನೇಯುವಾಕೆ, ಎಪ್ಪತ್ತು ದಾಟಿದ ಹಿರಿಯಾಕೆ. ಸೆರಗಿನ ಮರೆಯಿಂದ ಬಟ್ಟೆಯಲ್ಲಿ ಸುತ್ತಿದ ಹಳದಿ ಹಾಳೆಯೊಂದನ್ನು ತೆಗೆದಳು. ಅದು ಯಾವುದೋ ಜರ್ಮನ್ ಪುಸ್ತಕದ ಮೊದಲ ಪುಟ.

“ನಮ್ಮ ಅತ್ತಿ ಹೊಸಾ ಮದಲಗಿತ್ತಿ ಇದ್ದಾಗ ಒಬ್ಬ ಪಾದ್ರಿ ಎಂಟು ದಿನ ಮಗ್ಗದ ಮುಂದ ಕುಂತು ಜಮಖಾನದ ಚಿತ್ರ ತಗದಿದ್ನಂತರಿ. ಆಮ್ಯಾಲೆ ಪುಸ್ತಕ ಮಾಡಿ ಕಳಿಸಿದ್ದ. ಮನಿ ಬಿದ್ದಾಗ ಪುಸ್ತಕ ಹೋತು, ಇದೊಂದ ಹಾಳಿ ಉಳೀತು.”

“ಈಗ್ಯಾಕ ಬೇಕಾತು?”

“ಬಾವಿ ಸುತ್ತ ಎಂಟು ನವಿಲು ಬರೂ ಜಮಖಾನರಿ. ಅತ್ತಿ ಅರ್ಧಾ ಕಲಿಸಿ ಕಣ್ಣು ಮುಚ್ಚಿದ್ಲು. ಮೂಲ್ಯಾಗ ನವಿಲಿನ ಕುತ್ತಿಗಿ ಹೆಂಗ ಹೊಳ್ಳಸಬೇಕೋ ನನಗ ಗೊತ್ತಿಲ್ಲ. ಕಣ್ಣು ಕಾಣೂತನಕ ಒಂದರೆ ನೇಯಬೇಕು ಮಾಸ್ತರ್ರ.”

“ಯವ್ವಾ, ಜರ್ಮನಿ ಅಂದ್ರ ಅಣ್ಣಿಗೇರಿ ಸಂತಿ ಅಂತ ತಿಳದೀಯೇನು?”

“ಸಂತ್ಯಾಗ ಕಳದದ್ದು ಯಾವತ್ತೂ ಸಿಗೂದಿಲ್ಲರಿ. ಅಲ್ಲೆ ಸಿಕ್ಕೀತು,” ಎಂದು ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

ಮರುದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೋಗುವಾಗ ನೋಡಿದೆ: ಖತೀಜಾಬಿ ನೇಯಲು ಅಣಿಯಾಗಿ ಮಗ್ಗಕ್ಕೆ ಮೇಲಿನಿಂದ ಕೆಳಗಿನವರೆಗೆ ಬಿಳಿ ಹಾಸಿನ ನೂಲು ಕಟ್ಟಿಬಿಟ್ಟಿದ್ದಳು. “ನೀವು ಬರೂತನಕ ಹಿಂಗ ಇರತೈತಿ,” ಎಂದಳು.

ಶಾಂತಾಳಿಗೆ ಬೆಳಗಿನ ಕಾಲಿನ ವ್ಯಾಯಾಮ ಮಾಡಿಸಿ ಹತ್ತಕ್ಕೆ ಹೊರಟು, ಹನ್ನೆರಡೂವರೆಗೆ ಮರಳುವುದು ನನ್ನ ಕ್ರಮವಾಯಿತು. ಭಾಷೆ ಬಾರದು. ಹಳೆಯ ಪುಸ್ತಕದ ಅಂಗಡಿ ಹೊಕ್ಕು ಹಾಳೆಯ ಝೆರಾಕ್ಸ್ ತೋರಿಸುವುದು, ಅವರು ತಲೆ ಅಲ್ಲಾಡಿಸುವುದು, ನಾನು ಡೈರಿಯಲ್ಲಿ ಆ ಅಂಗಡಿಯ ಹೆಸರಿಗೆ ಗೀಟು ಹಾಕುವುದು. ಒಬ್ಬನಂತೂ ನಾನು ಅದನ್ನು ಮಾರಲು ಬಂದಿದ್ದೇನೆಂದು ತಿಳಿದು ಬಾಗಿಲ ತನಕ ಬಂದು ಕಳಿಸಿಕೊಟ್ಟ. ರೈಲಿನಲ್ಲಿ ಬಾಜೂ ಊರುಗಳಿಗೂ ಹೋಗಿ ಬಂದೆ.

ಆರನೆಯ ವಾರ ಒಬ್ಬ ವಯಸ್ಸಾದ ಅಂಗಡಿಯಾಕೆ ಹಾಳೆಯನ್ನು ಬಹಳ ಹೊತ್ತು ನೋಡಿದಳು. ನನ್ನನ್ನು ಕೂಡಿಸಿ ಚಹಾ ಕೊಟ್ಟು, ಮೂರು ಕಡೆ ಫೋನ್ ಮಾಡಿ, ಚೀಟಿಯ ಮೇಲೆ ಒಂದು ಹಳೆಯ ಗ್ರಂಥಾಲಯದ ವಿಳಾಸ ಬರೆದುಕೊಟ್ಟಳು.

ಪುಸ್ತಕ ಅಲ್ಲಿತ್ತು. ಹೊರಗೆ ಒಯ್ಯುವಂತಿರಲಿಲ್ಲ, ಫೋಟೋ ತೆಗೆಯಲು ಅಪ್ಪಣೆ ಸಿಕ್ಕಿತು. ಬಾವಿ, ಸುತ್ತ ಎಂಟು ನವಿಲು. ಸಣ್ಣ ಸಣ್ಣ ಚೌಕಗಳಲ್ಲಿ ಎಳೆ ಎಳೆಯ ಲೆಕ್ಕ ಹಿಡಿದು ಬಿಡಿಸಿದ್ದ ಪಾದ್ರಿ. ಮೂಲೆಯಲ್ಲಿ ನವಿಲಿನ ಕುತ್ತಿಗೆ ಹಿಂದಕ್ಕೆ ಹೊರಳಿತ್ತು. ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ನೇಯ್ದವಳ ಹೆಸರು, ಅದರ ಮುಂದೆ ‘ನವಲಗುಂದ’. ನಮ್ಮೂರಿನ ಹೆಸರನ್ನು ನಾನು ಎರಡೆರಡು ಸಲ ಓದಿದೆ.

“ಅಣ್ಣಾ, ಫೋಟೋ ಈಗ ಕಳಿಸಿಬಿಡು,” ಎಂದಳು ಶಾಂತಾ.

“ಸಣ್ಣ ಫೋನಿನ್ಯಾಗ ಆ ಮುದುಕಿಗೆ ಏನ ಕಂಡೀತು? ದೊಡ್ಡ ಪ್ರಿಂಟ್ ತಗಿಸಿ ಕೈಯಾಗ ಕೊಡ್ತೇನಿ.”

“ಸಿಕ್ಕೈತಿ ಅಂತರೆ ಹೇಳೋ ಮಾರಾಯಾ!”

ಹೇಳಲಿಲ್ಲ. ಸಾಲೆಯಲ್ಲಿ ಫಲಿತಾಂಶವನ್ನು ಬೋರ್ಡಿಗೆ ಹಚ್ಚುವ ಮೊದಲು ನಾನು ಯಾವ ಹುಡುಗನ ಮುಂದೂ ಬಾಯಿ ಬಿಟ್ಟವನಲ್ಲ. ಮೂರು ದಿನ ಬಿಟ್ಟು ಖತೀಜಾಬಿಯ ಮಗಳು ಶಮೀಮಳೇ ಫೋನ್ ಮಾಡಿದಳು. “ಅಮ್ಮಿ ಕೇಳಾಕತ್ಯಾಳ್ರಿ ಕಾಕಾ. ಸಿಕ್ತೇನ್ರಿ?”

“ಬಂದ ಮ್ಯಾಲೆ ಹೇಳ್ತೇನಿ ಅನ್ನು,” ಎಂದು ಫೋನ್ ಇಟ್ಟೆ. ಚಿತ್ರ ಬಿಚ್ಚಿದಾಗ ಆ ಮುದುಕಿಯ ಮುಖ ಹೇಗಾದೀತೆಂದು ನೆನೆದು ಒಬ್ಬನೇ ನಕ್ಕೆ ಕೂಡ.

ಹತ್ತು ದಿನದ ನಂತರ ಹುಬ್ಬಳ್ಳಿ ಬಸ್ಸಿನಿಂದ ಇಳಿದವನು ಮನೆಗೂ ಹೋಗದೆ, ಪ್ರಿಂಟಿನ ಸುರುಳಿ ಹಿಡಿದು ನೇರ ಆಕೆಯ ಬಾಗಿಲಿಗೆ ಹೋದೆ. ಮಗ್ಗ ಬರಿದಾಗಿ ನಿಂತಿತ್ತು. ಒಂದು ಎಳೆಯೂ ಇರಲಿಲ್ಲ.

“ಅಮ್ಮಿ ಹೋಗಿ ನಾಲ್ಕ ದಿನ ಆತ್ರಿ,” ಎಂದಳು ಶಮೀಮ. “ಮಧ್ಯಾಹ್ನ ಉಂಡು ಮಲಗಿದಾಕಿ ಏಳಲಿಲ್ಲ.”

ನಾನು ಮತ್ತೆ ಮಗ್ಗದ ಕಡೆ ನೋಡಿದೆ.

“ಹಾಸು ತಾನೇ ಬಿಚ್ಚಿದ್ಲರಿ. ಅವತ್ತ ಫೋನಿನ್ಯಾಗ ನೀವು ಅಂದದ್ದು ಹೇಳಿದೆ. ‘ಸಿಕ್ಕಿದ್ರ ಮಾಸ್ತರು ಸಿಕ್ಕೈತಿ ಅಂತಿದ್ರು. ಸಿಕ್ಕಿಲ್ಲ, ನನಗ ಬ್ಯಾಸರ ಆಗಬಾರದಂತ ಹಂಗಂದಾರ. ಪಾಪ, ಭಾಳ ತಿರಗ್ಯಾಡಿರಬೇಕು’ ಅಂದ್ಲು. ಮರುದಿನ ನೂಲು ಬಿಚ್ಚಿ ಉಂಡಿ ಸುತ್ತಿ ಇಟ್ಲು.”

ಸುರುಳಿ ಬಿಚ್ಚಿ ನೆಲಕ್ಕೆ ಹಾಸಿದೆ. ಶಮೀಮ ಮೂಲೆಯ ನವಿಲಿನ ಕುತ್ತಿಗೆಯ ಮೇಲೆ ಬೆರಳಿಟ್ಟಳು.

“ಚಂದ ಐತ್ರಿ. ನನಗ ನೇಯಾಕ ಬರೂದಿಲ್ಲ ಕಾಕಾ. ಮಗಳು ಇನ್ನೊಂದ ಮನೀಗೆ ಹೋಗಾಕಿ, ಕಸಬು ಸೊಸಿಗಷ್ಟ ಕಲಿಸಬೇಕು ಅಂತ ಅಮ್ಮಿ ನನಗ ಮಗ್ಗಾ ಮುಟ್ಟಗೊಟ್ಟಿಲ್ಲ. ಸೊಸಿ ಅಂತೂ ಬರಲಿಲ್ಲ, ಗಂಡಮಗಾ ಇದ್ರ ತಾನ?”

ಆ ಚಿತ್ರ ಈಗ ಅವರ ಗೋಡೆಯ ಮೇಲಿದೆ. ಜರ್ಮನಿಯ ಆ ಅಂಗಡಿಯಾಕೆ ಶಾಂತಾಳ ಕಡೆಯಿಂದ ಎರಡು ಸಲ ಕೇಳಿಸಿದ್ದಾಳೆ, ನೇಯುವಾಕೆಗೆ ಸಂತೋಷವಾಯಿತೇ ಎಂದು. ನಾನು ಇನ್ನೂ ಉತ್ತರ ಬರೆದಿಲ್ಲ.

ಇತ್ತೀಚೆಗೆ ಯಾರದಾದರೂ ಒಳ್ಳೆಯ ಸುದ್ದಿ ನನಗೆ ಗೊತ್ತಾದರೆ ಉಣ್ಣುವ ತಟ್ಟೆ ಬಿಟ್ಟೆದ್ದು ಹೋಗಿ ಹೇಳುತ್ತೇನೆ. ಮನೆಯವರು ನಗುತ್ತಾರೆ. ಪುಸ್ತಕ ಕಂಡ ದಿನ ಡೈರಿಯಲ್ಲಿ ‘ಸಿಕ್ಕಿತು’ ಎಂದು ಬರೆದು, ಕೆಳಗೆ ಸ್ಕೇಲ್ ಹಿಡಿದು ಗೀಟು ಎಳೆದಿದ್ದೇನೆ. ಅಷ್ಟು ಬರೆಯಲು ನನಗೆ ಪುರುಸೊತ್ತಿತ್ತು.